ಪಕ್ಕದ ಎಲೆಗೆ ಬಡಿಸಿ

ನಾನು ಕೆಲಸ ಮಾಡುತ್ತಿದ್ದದ್ದು ಶಿಕಾರಿಪುರದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ, ಮನೆ ಇರುವುದು ಸೊರಬದಲ್ಲಿ. ನಡುವೆ ಶಿರಾಳಕೊಪ್ಪ. ಬೆಳಿಗ್ಗೆ ಹೋಗುವ ಬಸ್ಸು, ಸಂಜೆ ಬರುವ ಬಸ್ಸು, ಎರಡರ ಕಂಡಕ್ಟರುಗಳಿಗೂ ನನ್ನ ಸೀರೆಗಳೆಲ್ಲ ಪರಿಚಯ. ಹೊಸ ಸೀರೆ ಉಟ್ಟ ದಿನ 'ಏನ್ರಿ ಮೇಡಂ, ಇವತ್ತು ವಿಶೇಷ?' ಅಂತ ಕೇಳುತ್ತಿದ್ದರು. ಶೋರೂಮಿನಲ್ಲಿ ಸರ್ವಿಸ್ ವಿಭಾಗ ನನ್ನದು. ಅಂದರೆ ಉಳುಮೆಯ ಹೊತ್ತಿನಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತು, ರೈತರು ಬಂದು ಕೂಗಾಡಿದರೆ ಮೊದಲು ಕೂಗಿಸಿಕೊಳ್ಳುವವಳು ನಾನು, ಆಮೇಲೆ ಮೆಕ್ಯಾನಿಕ್ಕನ್ನು ಹುಡುಕಿ ಕಳಿಸುವವಳೂ ನಾನೇ. ಆ ಕೆಲಸದ ಬಗ್ಗೆ ನನಗೆ ಯಾವತ್ತೂ ಬೇಸರವಿರಲಿಲ್ಲ. ಬೇಸರ ಬಂದದ್ದು ಒಬ್ಬ ಮನುಷ್ಯನಿಂದ. ಅದನ್ನು ಬರೆದುಬಿಡೋಣ ಅಂತಲೇ ಕೂತಿದ್ದೇನೆ. ಇಲ್ಲದಿದ್ದರೆ ಅದು ಹೊಟ್ಟೆಯೊಳಗೇ ಕೂತು ಕೊಳೆಯುತ್ತದೆ.

ಮೊದಲು ನಮ್ಮ ಶೋರೂಮಿನ ರೀತಿ ಹೇಳಬೇಕು. ಅಲ್ಲಿ ಯಾರೂ ತಮಗೆ ಬೇಕಾದ್ದನ್ನು ತಾವೇ ಕೇಳುತ್ತಿರಲಿಲ್ಲ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನಿಮ್ಮ ಎಲೆಯ ಹೋಳಿಗೆ ಮುಗಿದಿದೆ, ಇನ್ನೊಂದು ಬೇಕು. ಬಡಿಸುವವನನ್ನು ಕರೆದು 'ನನಗೆ ಹಾಕಿ' ಅನ್ನುತ್ತೀರಾ? ಮರ್ಯಾದಸ್ಥರು ಅನ್ನುವುದಿಲ್ಲ. ಪಕ್ಕದವರ ಎಲೆ ತೋರಿಸಿ 'ಇವರಿಗೆ ಬಡಿಸ್ರಿ' ಅನ್ನುತ್ತೀರಿ. ಅವರು ಎಲೆಗೆ ಕೈ ಅಡ್ಡ ಹಿಡಿದು 'ನಂಗೆ ಸಾಕು, ಮೊದಲು ಇವರಿಗೆ ಹಾಕ್ರಿ' ಅಂತ ನಿಮ್ಮ ಕಡೆ ತೋರಿಸುತ್ತಾರೆ. ಇಬ್ಬರ ಎಲೆಗೂ ಹೋಳಿಗೆ ಬೀಳುತ್ತದೆ. ಕೇಳಿದವರು ಮಾತ್ರ ಯಾರೂ ಇಲ್ಲ.

ನಮ್ಮ ಆಫೀಸು ನಡೆಯುತ್ತಿದ್ದದ್ದು ಇದೇ ರೀತಿ. ಮೆಕ್ಯಾನಿಕ್ಕಿಗೆ ತಂಗಿಯ ಮದುವೆಗೆ ರಜೆ ಬೇಕಿದ್ದರೆ ಅವನು ಮಾಲೀಕರ ಎದುರು ಹೋಗಿ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಬಿಡಿಭಾಗಗಳ ಗೋಡೌನಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ರೊಟ್ಟಿ ಮುರಿಯುತ್ತಾ 'ಮನೇಲಿ ಮದ್ವೆ ಹತ್ರ ಬಂತು' ಅಂತ ಸುಮ್ಮನೆ ಅನ್ನುತ್ತಿದ್ದ. ಅಷ್ಟೇ. ಮಾರನೆಯ ದಿನ ಕ್ಯಾಶಿಯರ್ ಹೆಂಗಸು ಚೆಕ್ಕಿಗೆ ಸಹಿ ಹಾಕಿಸಲು ಒಳಗೆ ಹೋದಾಗ 'ಸಾವ್ಕಾರ್ರೆ, ಆ ಹುಡುಗನ ತಂಗಿ ಮದ್ವೆಯಂತೆ' ಅನ್ನುತ್ತಿದ್ದರು. ಸಾವ್ಕಾರ್ರು ಅಂದರೆ ನಮ್ಮ ಮಾಲೀಕರು. ಅವರೂ ಈ ಊರಿನವರೇ, ಅವರಿಗೆ ಇದೆಲ್ಲ ಬಿಡಿಸಿ ಹೇಳಬೇಕಿರಲಿಲ್ಲ. 'ಹೌದಾ? ಹಂಗಾದ್ರೆ ಒಂದ್ವಾರ ಬರಬ್ಯಾಡ ಅನ್ರಿ' ಅಂತ ಮುಗಿಸುತ್ತಿದ್ದರು. ಕ್ಯಾಶಿಯರಿಗೆ ಸೆಕೆ ಆಗುವುದಿಲ್ಲ, ಫ್ಯಾನಿನ ಹತ್ತಿರ ಜಾಗ ಬೇಕು ಅಂತ ಹೇಳಿದ್ದು ನಾನು. ಬೇರೆಯವರಿಗಾಗಿ ಕೇಳುವಾಗ ನಾಲಿಗೆ ಎಷ್ಟು ಸಲೀಸಾಗಿ ಓಡುತ್ತದೆ ಅಂದರೆ, ಸ್ವಂತಕ್ಕೆ ಕೇಳುವ ಅಭ್ಯಾಸವೇ ತಪ್ಪಿಹೋಗುತ್ತದೆ.

ನನ್ನ ಪಾಲಿಗೆ ಕೇಳುತ್ತಿದ್ದವನು ಮಾರಾಟ ವಿಭಾಗದವನು. ನನಗಿಂತ ಚಿಕ್ಕವನು, ಶಿಕಾರಿಪುರದವನೇ. ನಾನು ಸೇರಿದ ಮಾರನೇ ವರ್ಷ ಸೇರಿದ. ಮಾತಿನಲ್ಲಿ ಚುರುಕು, ಟ್ರ್ಯಾಕ್ಟರ್ ನೋಡಿಕೊಂಡು ಹೋಗೋಣ ಅಂತ ಬಂದವರನ್ನು ಚಾ ಕುಡಿಸಿ, ಅವರೂರಿನ ಕೆರೆ ತುಂಬಿತೋ ಇಲ್ಲವೋ ವಿಚಾರಿಸಿ, ಕೊನೆಗೆ ಟ್ರ್ಯಾಕ್ಟರ್ ಹತ್ತಿಸಿಯೇ ಕಳಿಸುತ್ತಿದ್ದ. ನನ್ನನ್ನು ಅಕ್ಕ ಅನ್ನುತ್ತಿದ್ದ. ಅವನ ಹೆಂಡತಿಯ ಬಾಣಂತನದ ಹೊತ್ತಿಗೆ ರಜೆ ಕೇಳಿದ್ದು ನಾನು. ಹಳ್ಳಿ ಸುತ್ತಲು ಅವನಿಗೆ ಕಂಪನಿಯ ಬೈಕು ಆಗಬೇಕು ಅಂತ ಹೇಳಿದ್ದು ನಾನು. ನನ್ನ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ನಾನು ಬಾಯಿ ಬಿಡುವ ಮೊದಲೇ 'ಅಕ್ಕನ್ನ ಮಧ್ಯಾಹ್ನದ ಬಸ್ಸಿಗೆ ಬಿಟ್ಬಿಡ್ರಿ' ಅಂತ ಸಾವ್ಕಾರ್ರಿಗೆ ಹೇಳಿದವನು ಅವನು. ಮಧ್ಯಾಹ್ನ ನನ್ನ ಡಬ್ಬಿಯ ಕೆಸುವಿನ ಸೊಪ್ಪಿನ ಪಲ್ಯ ಅವನಿಗೆ, ಅವನ ಡಬ್ಬಿಯ ಶೇಂಗಾ ಚಟ್ನಿ ನನಗೆ. ಒಡಹುಟ್ಟಿದವರಿಲ್ಲದ ನನಗೆ ಇಂಥದ್ದೊಂದು ಆಸರೆ ಸಿಕ್ಕಿತಲ್ಲ ಅಂತ ಒಳಗೊಳಗೇ ಖುಷಿಯಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸೊರಬದಲ್ಲಿ ಒಂದು ಬ್ರಾಂಚ್ ತೆಗೆಯುತ್ತಾರೆ ಅನ್ನುವ ಸುದ್ದಿ ಹುಟ್ಟಿದ್ದು ಮಗಳು ಮೊದಲ ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ. ಆ ಸುದ್ದಿ ಕೇಳಿದ ದಿನ ನಾನು ಬಸ್ಸಿನಲ್ಲಿ ಕೂತು ಒಬ್ಬಳೇ ನಗುತ್ತಾ ಬಂದೆ.

ಯಾಕೆಂದು ಹೇಳುತ್ತೇನೆ. ನನ್ನ ಗಂಡ ಮನೆಯ ಮುಂದಿನ ಕೋಣೆಯಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಮಗಳು ಕಾಲೇಜಿನಿಂದ ಬಂದವಳು ಚೀಲ ಕೂಡ ಇಳಿಸದೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಆ ದಿನದ್ದೆಲ್ಲ ಅಪ್ಪನ ಮುಂದೆ ಸುರಿದುಬಿಡುತ್ತಿದ್ದಳು. ಯಾವ ಲೆಕ್ಚರರು ಬೈದರು, ಗೆಳತಿ ಯಾಕೆ ಮಾತು ಬಿಟ್ಟಳು, ಲ್ಯಾಬಿನಲ್ಲಿ ಏನು ಒಡೆಯಿತು. ನಾನು ಕತ್ತಲಾದ ಮೇಲೆ ಮನೆ ಸೇರುವಷ್ಟರಲ್ಲಿ ಅವಳ ಮಾತೆಲ್ಲ ಮುಗಿದಿರುತ್ತಿತ್ತು. 'ಇವತ್ತು ಎಂತ ಆತೇ?' ಅಂದರೆ 'ಎಂತ ಇಲ್ಲ ಅಮ್ಮ' ಅನ್ನುತ್ತಿದ್ದಳು. ಅವಳ ತಪ್ಪಲ್ಲ. ಒಮ್ಮೆ ಹೇಳಿದ್ದನ್ನು ಅದೇ ಬಿಸಿಯಲ್ಲಿ ಇನ್ನೊಮ್ಮೆ ಹೇಳಲು ಯಾರಿಗೂ ಆಗುವುದಿಲ್ಲ. ಊಟ ಮಾಡುವಾಗ ಗಂಡ, ಮಗಳು ಯಾವುದಕ್ಕೋ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. 'ನಂಗೂ ಹೇಳ್ರೇ' ಅಂತ ನಾನು ಗೋಗರೆಯುತ್ತಿದ್ದೆ. ಎರಡನೇ ಪಿಯುಸಿ ಮುಗಿದರೆ ಅವಳು ಶಿವಮೊಗ್ಗಕ್ಕೆ ಓದಲು ಹೋಗುವವಳು, ಅದು ಆಗಲೇ ನಿಶ್ಚಯವಾಗಿತ್ತು. ಅಂದರೆ ಅವಳು ಮನೆಯಲ್ಲಿರುವುದು ಇನ್ನೊಂದೇ ವರ್ಷ. ಆ ವರ್ಷ ನಾನು ಸೊರಬದಲ್ಲಿದ್ದರೆ ಅವಳು ಬರುವ ಹೊತ್ತಿಗೆ ಚಾ ಕುಡಿಯುವ ನೆಪದಲ್ಲಿ ಮನೆಗೆ ಬಂದು, ಮೆಟ್ಟಿಲ ಮೇಲೆ ಅವಳ ಪಕ್ಕ ಹತ್ತು ನಿಮಿಷ ಕೂರಬಹುದಿತ್ತು. ನನಗೆ ಬೇಕಾಗಿದ್ದದ್ದು ಇಷ್ಟು. ಮ್ಯಾನೇಜರ್ ಅನ್ನುವ ಬೋರ್ಡು ಬೇಡವಾಗಿತ್ತು ಅನ್ನುವುದಿಲ್ಲ, ಅದೂ ಬೇಕಿತ್ತು. ಆದರೆ ಮೊದಲು ಆ ಮೆಟ್ಟಿಲು.

ಸಹಜವಾಗಿ ನಾನು ಇದನ್ನು ಸಾವ್ಕಾರ್ರಿಗೆ ಹೇಳಲಿಲ್ಲ. ಅವನಿಗೆ ಹೇಳಿದೆ. ಊಟ ಮುಗಿಸಿ ಉಳಿದವರೆಲ್ಲ ಕೈ ತೊಳೆಯಲು ಎದ್ದಾಗ, ಮಗಳ ವಿಷಯ, ಮೆಟ್ಟಿಲಿನ ವಿಷಯ ಎಲ್ಲ ಹೇಳಿದೆ. ಅವನ ಕಣ್ಣು ತುಂಬಿ ಬಂದಿತ್ತು, ಅದು ನಾಟಕವಲ್ಲ ಅಂತ ಈಗಲೂ ಅಂದುಕೊಳ್ಳುತ್ತೇನೆ. 'ಅದೇನ್ ದೊಡ್ಡ ಮಾತ್ರಿ ಅಕ್ಕಾ. ನಾ ಹೇಳ್ತೀನಿ ಬಿಡ್ರಿ' ಅಂದ.

ಅದೇ ಹೊತ್ತಿಗೆ ಕಂಪನಿಯ ವಲಯ ಕಚೇರಿಯಿಂದ ಸಾವ್ಕಾರ್ರಿಗೆ ಕಿರಿಕಿರಿ ಶುರುವಾಯಿತು. ನಿಮ್ಮ ಶೋರೂಮಿನಲ್ಲಿ ದೂರಿಗೆ ಉತ್ತರ ತಡವಾಗಿ ಹೋಗುತ್ತದೆ, ಯಾರು ಯಾವ ಕೆಲಸ ಮಾಡುತ್ತಾರೆ ಗೊತ್ತಾಗುವುದಿಲ್ಲ, ಸಿಬ್ಬಂದಿಗೆ ತರಬೇತಿ ಕೊಡಿಸಿ ಅಂತ. ಹೀಗೆ ಒಬ್ಬರು ಟ್ರೇನರ್ ಬಂದರು. ಇಸ್ತ್ರಿ ಮಾಡಿದ ಶರಟು, ಕುತ್ತಿಗೆಗೆ ಗುರುತಿನ ಪಟ್ಟಿ, ನಗುಮುಖ. ನಮ್ಮನ್ನೆಲ್ಲ ಬೆಳಿಗ್ಗೆ ವೃತ್ತಾಕಾರವಾಗಿ ನಿಲ್ಲಿಸಿ, ಪ್ರತಿಯೊಬ್ಬರೂ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ನನಗೇನು ಅಡ್ಡಿ ಇದೆ ಅಂತ ಜೋರಾಗಿ ಹೇಳಬೇಕು ಅಂದರು. ಕೂರುವ ಹಾಗಿಲ್ಲ, ಕೂತರೆ ಮಾತು ಉದ್ದವಾಗುತ್ತದಂತೆ. ಹಿರಿಯ ಮೆಕ್ಯಾನಿಕ್ 'ನಂಗೇನ್ ಅಡ್ಡಿ ಇಲ್ರಿ, ನಿಂತ್ ನಿಂತ್ ಕಾಲ್ ಸೋತಾವು' ಅಂದಾಗ ಎಲ್ಲರೂ ನಕ್ಕೆವು, ಟ್ರೇನರೂ ನಕ್ಕರು. ಗೋಡೆಗೆ ಬಿಳಿ ಬೋರ್ಡು ಬಂತು, ವಾಟ್ಸಾಪ್ ಗ್ರೂಪು ಬಂತು. ಯಾವ ಟ್ರ್ಯಾಕ್ಟರ್ ಯಾರ ಕೈಯಲ್ಲಿದೆ ಅಂತ ಬೋರ್ಡಿನ ಮೇಲೆ ಬರೆಯತೊಡಗಿದ ಮೇಲೆ ನನ್ನ ಅರ್ಧ ತಲೆನೋವು ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಅವರು ಹೇಳಿಕೊಟ್ಟದ್ದರಲ್ಲಿ ಬಹಳಷ್ಟು ಕೆಲಸಕ್ಕೆ ಬಂದದ್ದೇ.

ಆದರೆ ಅವರ ಮುಖ್ಯ ಪಾಠ ಬೇರೆ ಇತ್ತು. 'ನಿಮ್ಮ ಬಗ್ಗೆ ನೀವೇ ಮಾತಾಡಿ. ನಿಮ್ಮ ಪರವಾಗಿ ಇನ್ನೊಬ್ಬರು ಮಾತಾಡಿದರೆ ಅದು ಕಮ್ಯುನಿಕೇಷನ್ ಅಲ್ಲ' ಅಂತ ಅವರು ಮತ್ತೆ ಮತ್ತೆ ಹೇಳಿದರು. ನಾವು ತಲೆ ಅಲ್ಲಾಡಿಸಿದೆವು. ತಲೆ ಅಲ್ಲಾಡಿಸುವುದಕ್ಕೇನು ಖರ್ಚು. ತರಬೇತಿಯ ಕೊನೆಯಲ್ಲಿ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಸಾವ್ಕಾರ್ರ ಕೋಣೆಗೆ ಹೋಗಿ, ಅವರ ಮತ್ತು ಟ್ರೇನರ ಎದುರು ಮುಂದಿನ ವರ್ಷ ತನಗೇನು ಬೇಕು ಅಂತ ಹೇಳಬೇಕು ಅಂತ ಗೊತ್ತಾಯಿತು. ಸೊರಬದ ಬ್ರಾಂಚಿಗೆ ಯಾರು ಅನ್ನುವುದೂ ಅಲ್ಲೇ ತೀರ್ಮಾನ ಅನ್ನುವ ಮಾತು ಹಬ್ಬಿತು.

ಗೋಡೌನಿನಲ್ಲಿ ಆ ಮಧ್ಯಾಹ್ನ ಊಟವೇ ಸೇರಲಿಲ್ಲ ಯಾರಿಗೂ. 'ನಮ್ದು ನಾವೇ ಹೇಳ್ಕಳದು ಅಂದ್ರೆ ಹೆಂಗ್ರಿ' ಅಂತ ಕ್ಯಾಶಿಯರ್ ಹೆಂಗಸು ಮುಖ ಸಣ್ಣ ಮಾಡಿಕೊಂಡರು. ಕೊನೆಗೆ ದಾರಿ ತೋರಿಸಿದವನು ಅವನೇ, ನನ್ನ ತಮ್ಮನಂತಿದ್ದವನು. 'ಅದಕ್ಯಾಕ್ ಅಷ್ಟು ತಲೆ ಕೆಡಿಸ್ಕಂತೀರಿ? ಒಳಗೆ ಹೋದ್ಮ್ಯಾಲೆ ನಮ್ ಬಾಯಿ ನಮ್ದು. ನಿಮ್ದು ಇವ್ರು ಹೇಳ್ಲಿ, ಇವ್ರದ್ದು ನೀವು ಹೇಳ್ರಿ' ಅಂದ. ಎಲ್ಲರ ಮುಖವೂ ಅರಳಿತು. ಯಾರು ಯಾರ ಪರವಾಗಿ ಹೇಳಬೇಕು ಅಂತ ಅಲ್ಲೇ ಮಾತಾಯಿತು. ಅವನು ನನ್ನ ಕಡೆ ನೋಡಿ, 'ಅಕ್ಕಂದು ನಂದು. ನಂದು ಅಕ್ಕಂದು' ಅಂದ. ಅವನಿಗೆ ಬೇಕಾಗಿದ್ದದ್ದು ಶಿಕಾರಿಪುರದ ಮಾರಾಟ ಪೂರ್ತಿ ಅವನ ಕೈಗೆ ಬರುವುದು, ಕೆಳಗೆ ಇಬ್ಬರು ಸಹಾಯಕರು. ಹಾಗಂತ ನನಗೆ ಹೇಳಿದ್ದ.

ಅವನ ಸರದಿ ನನಗಿಂತ ಮೊದಲು ಬಂತು. ಒಳಗೆ ಬಹಳ ಹೊತ್ತು ಇದ್ದ. ಹೊರಗೆ ಬಂದವನು ನನ್ನ ಮೇಜಿನ ಹತ್ತಿರ ಬಗ್ಗಿ, 'ಎಲ್ಲಾ ಹೇಳೀನ್ರಿ ಅಕ್ಕ' ಅಂತ ಮೆತ್ತಗೆ ಅಂದು ಹೋದ. ನನಗೆ ಜೀವಕ್ಕೆ ತಂಪಾಯಿತು.

ನಾನು ಒಳಗೆ ಹೋದಾಗ ಸಾವ್ಕಾರ್ರು 'ಹೇಳ್ರಮ್ಮ' ಅಂದರು. ಹೇಳಿದೆ. ಅವನ ಬಗ್ಗೆಯೇ ಹೇಳಿದೆ. ನನ್ನ ಮಾತು ಮುಗಿದೇ ಹೋಗಿದೆ, ಅವನು ಹೇಳಿಯಾಗಿದೆ, ಇನ್ನು ನಾನು ಸಾಲ ಉಳಿಸಿಕೊಳ್ಳಬಾರದು ಅನ್ನುವ ಉತ್ಸಾಹ. ಮುಂಗಾರು ಶುರುವಿನ ಗಲಾಟೆಯಲ್ಲಿ ಅವನು ಮಾರಾಟ ಬಿಟ್ಟು ವರ್ಕ್‌ಶಾಪಿಗೆ ಬಂದು ನನಗೆ ಹೆಗಲು ಕೊಟ್ಟದ್ದು, ಹಳ್ಳಿಗಳಲ್ಲಿ ಅವನ ಹೆಸರು ಹೇಳಿದರೆ ಜಗುಲಿಗೆ ಚಾಪೆ ಬರುವುದು, ಸಿಟ್ಟಾದ ಗಿರಾಕಿಯ ಮುಂದೆ ಅವನ ತಾಳ್ಮೆ, ಎಲ್ಲ ಹೇಳಿದೆ. 'ಸಾವ್ಕಾರ್ರೆ, ಅವನಿಗೆ ಒಂದಿಡೀ ಬ್ರಾಂಚ್ ಕೊಟ್ಟರೂ ಒಬ್ಬನೇ ನಡೆಸ್ತಾನೆ' ಅಂತಲೂ ಅಂದೆ. ಪಕ್ಕದ ಎಲೆಗೆ ಬಡಿಸುವವರನ್ನು ಕರೆಯುವಾಗ ಯಾರೂ ಅಳತೆ ನೋಡುವುದಿಲ್ಲ.

ಟ್ರೇನರ್ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. 'ಮೇಡಂ, ನೀವು ಬಂದಾಗಿನಿಂದ ಇನ್ನೊಬ್ಬರ ಬಗ್ಗೆಯೇ ಹೇಳುತ್ತಿದ್ದೀರಿ. ನಿಮಗೇನು ಬೇಕು?' ಅಂದರು. ಸಾವ್ಕಾರ್ರೂ ಮುಂದಕ್ಕೆ ಬಾಗಿದ ಹಾಗಿತ್ತು. ನಾನು ನಕ್ಕುಬಿಟ್ಟೆ. 'ನಂದೇನಿಲ್ಲ ಸರ್' ಅಂದೆ. ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ವೃತ್ತಾಕಾರವಾಗಿ ನಿಂತಿದ್ದಾಗ ಸಾವ್ಕಾರ್ರು ಸೊರಬ ಬ್ರಾಂಚಿನ ಮ್ಯಾನೇಜರ್ ಅಂತ ಅವನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಕೈಗಳು ತಾವಾಗಿಯೇ ತಟ್ಟುತ್ತಿದ್ದವು, ತಲೆಯೊಳಗೆ ಮಾತ್ರ ಏನೂ ಹೊಳೆಯುತ್ತಿರಲಿಲ್ಲ. ಅವನು ನೆಲ ನೋಡುತ್ತಾ ನಿಂತಿದ್ದ. ಸಾವ್ಕಾರ್ರು ನನ್ನ ಕಡೆ ತಿರುಗಿ, 'ಒಂದು ಬ್ರಾಂಚನ್ನೇ ನಡೆಸ್ತಾನೆ ಅಂತ ನೀವೇ ಹೇಳಿದ್ರಲ್ರಮ್ಮ, ನಿಮ್ಮ ಮಾತಿಗೆ ಬೆಲೆ ಕೊಟ್ಟೀನಿ' ಅಂತ ನಕ್ಕರು. ನಾನೂ ನಕ್ಕಿರಬೇಕು.

ಅವನು ಊಟಕ್ಕೆ ಬರಲಿಲ್ಲ. ನಾನೇ ಹುಡುಕಿಕೊಂಡು ಹೋದೆ. ಹೊಸ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಫೋನು ಹಿಡಿದು ನಿಂತಿದ್ದ. ಫೋನಿನಲ್ಲಿ ಆ ಕಡೆ ಯಾರೂ ಇರಲಿಲ್ಲ ಅಂತ ಅವನು ಅದನ್ನು ಕಿಸೆಗಿಟ್ಟ ರೀತಿಯಲ್ಲೇ ಗೊತ್ತಾಯಿತು.

'ಎಲ್ಲಾ ಹೇಳೀನಿ ಅಂದ್ಯಲ್ಲಾ' ಅಂದೆ. ಅಲ್ಲಿಯವರೆಗೂ ಆಫೀಸಿನಲ್ಲಿ ಅವನಿಗೆ ನೀವು ಅಂತಲೇ ಅನ್ನುತ್ತಿದ್ದವಳು ನಾನು.

'ಹೇಳ್ದೆ ಅಕ್ಕಾ, ದೇವರಾಣೆ ಹೇಳ್ದೆ. ಅವ್ರು ಮೊದ್ಲೇ ಮನಸು ಮಾಡಿಬಿಟ್ಟಿದ್ರು. ನಾ ಬ್ಯಾಡ ಬ್ಯಾಡ ಅಂದ್ರೂ ಬಿಡ್ಲಿಲ್ಲ. ನಾ ಏನ್ ಮಾಡ್ಲಿ ಹೇಳ್ರಿ.'

'ನನ್ನ ಮಗಳ ವಿಷಯ ಹೇಳಿದ್ಯಾ?'

'ಅದು ಹೇಳಕೆ ಹೊತ್ತೇ ಸಿಗ್ಲಿಲ್ರಿ' ಅಂದ.

ಅಷ್ಟು ಹೊತ್ತು ಒಳಗಿದ್ದವನಿಗೆ ಅದನ್ನು ಹೇಳಲು ಹೊತ್ತು ಸಿಗಲಿಲ್ಲವಂತೆ. ಆಗಲೇ ನನಗೆ ಅವನ ಮಾತಿನಲ್ಲಿ ಹುಳುಕಿದೆ ಅನ್ನಿಸಿತು. ಆದರೂ ಪೂರ್ತಿ ನಂಬದೆ ಇರಲಾಗಲಿಲ್ಲ. ಒಳಗೆ ಹೋದಾಗ ಆಸೆ ಹುಟ್ಟಿರಬಹುದು, ಸಾವ್ಕಾರ್ರೇ ಕೊಡುತ್ತೇನೆ ಅಂದಾಗ ಬೇಡ ಅನ್ನಲು ಧೈರ್ಯ ಬರದೆ ಹೋಗಿರಬಹುದು, ಮನುಷ್ಯ ತಾನೇ ಅಂದುಕೊಂಡೆ. ಹಾಗೆ ಅಂದುಕೊಂಡರೆ ರಾತ್ರಿ ನಿದ್ದೆ ಬರುತ್ತಿತ್ತು.

'ನೀನೇ ಹೋಗಿ ಕೇಳದಲ್ವನೇ' ಅಂತ ಗಂಡ ಅಂದರು. ಮಗಳೂ ಅದನ್ನೇ ಅಂದಳು. ಅವರಿಗೆ ಸುಲಭ. ಎಲ್ಲರೆದುರು ಚಪ್ಪಾಳೆ ತಟ್ಟಿ ಬಂದವಳು ಮಾರನೆಯ ದಿನ ಹೋಗಿ ಅದು ನನಗೆ ಬೇಕಿತ್ತು ಅಂತ ಹಲ್ಲು ಗಿಂಜಬೇಕಾ? ನನ್ನ ಬಾಯಿಂದಲೇ ಹೊಗಳಿಸಿಕೊಂಡವನನ್ನು ನಾನೇ ಹೋಗಿ ಆಡಿಕೊಳ್ಳಬೇಕಾ? ನನ್ನಿಂದ ಆಗಲಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ.

ಬ್ರಾಂಚ್ ಆದದ್ದು ನಮ್ಮ ಸೊರಬದ ದೊಡ್ಡ ರಸ್ತೆಯಲ್ಲೇ, ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯಲ್ಲಿ. ಬೆಳಿಗ್ಗೆ ನಾನು ಸೊರಬದಿಂದ ಶಿಕಾರಿಪುರಕ್ಕೆ ಹೊರಡುವ ಹೊತ್ತಿಗೆ ಅವನು ಶಿಕಾರಿಪುರದಿಂದ ಸೊರಬಕ್ಕೆ ಹೊರಡುತ್ತಿದ್ದ. ಶಿರಾಳಕೊಪ್ಪದ ಹತ್ತಿರ ಎಲ್ಲೋ ಅವನ ಬೈಕು ನನ್ನ ಬಸ್ಸು ಎದುರುಬದುರಾಗುತ್ತಿದ್ದವು. ನಾನು ಆ ಕಡೆಯ ಕಿಟಕಿಗೆ ಕೂರುವುದನ್ನೇ ಬಿಟ್ಟೆ. ಸಂಜೆ ನಾನು ಬಸ್ಸಿಳಿದು ಬರುವಾಗ ಬ್ರಾಂಚಿನ ಬಾಗಿಲು ಹಾಕಿರುತ್ತಿತ್ತು, ಮೇಲಿನ ಬೋರ್ಡಿನ ದೀಪ ಮಾತ್ರ ಉರಿಯುತ್ತಿತ್ತು. ಅದರ ಬೆಳಕು ನಮ್ಮ ಬೀದಿಯ ತಿರುವಿನವರೆಗೂ ಬೀಳುತ್ತಿತ್ತು. ಆ ದೀಪ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಮಗಳು ತಾನಾಗಿಯೇ ಹೇಳಿದಳು: 'ಅಮ್ಮ, ಕಾಲೇಜಿಂದ ಬರೋವಾಗ ಬ್ರಾಂಚಿನ ಆ ಅಂಕಲ್ ನನ್ನ ಕರೆದು ಮಾತಾಡಿಸಿದ್ರು. ನಿಮ್ಮಮ್ಮನಂಥ ಹೆಂಗಸು ಆ ಶೋರೂಮಲ್ಲೇ ಇಲ್ಲ ಅಂತ ಅಲ್ಲಿದ್ದೋರಿಗೆಲ್ಲ ಹೇಳ್ತಿದ್ರು.' ಅವಳಿಗೆ ಹೆಮ್ಮೆ. ಹೇಳಬೇಕಾದ ಜಾಗದಲ್ಲಿ ಹೇಳದೆ, ಈಗ ರಸ್ತೆಯಲ್ಲಿ ನಿಂತು ನನ್ನ ಮಗಳಿಗೆ ನನ್ನ ಗುಣಗಾನ ಕೇಳಿಸುತ್ತಾನೆ.

ಶಿಕಾರಿಪುರದಲ್ಲಿ ಕೂಡ ಹಿಂದಿನಂತೆ ಏನೂ ಉಳಿಯಲಿಲ್ಲ. ಅವನು ತನ್ನದನ್ನು ತಾನೇ ಕೇಳಿ ಪಡೆದ ಅನ್ನುವ ಗುಸುಗುಸು ಹೇಗೋ ಎಲ್ಲರ ಕಿವಿಗೂ ಬಿತ್ತು, ನಾನು ಮಾತ್ರ ಅದನ್ನು ನಂಬಲು ಹೋಗಲಿಲ್ಲ. ಆಮೇಲೆ ಗೋಡೌನಿನ ಊಟದಲ್ಲಿ ಯಾರೂ ಯಾರ ಮುಂದೆಯೂ ತಮ್ಮ ಮನೆಯ ಸುದ್ದಿ ಎತ್ತುತ್ತಿರಲಿಲ್ಲ. ಕೆಲವರು ಗಟ್ಟಿಯಾಗಿ ಕೇಳಲು ಕಲಿತರು, ಅವರಿಗೆ ಸಿಕ್ಕಿತು. ಹಿರಿಯ ಮೆಕ್ಯಾನಿಕ್ ಕಲಿಯಲಿಲ್ಲ. ಹೊಸ ಮನೆ ಒಕ್ಕಲಿನ ದಿನ ಅವನು ಯಾರಿಗೂ ಹೇಳದೆ ಕೆಲಸಕ್ಕೆ ಬರದೆ ಉಳಿದ. ಮಾರನೆಯ ದಿನ ಬೆಳಗಿನ ಸಭೆಯಲ್ಲಿ ಎಲ್ಲರೆದುರು ಬೈಸಿಕೊಂಡ. 'ಬಾಯಿ ಇಲ್ಲೇನಯ್ಯಾ ನಿಂಗೆ' ಅಂದರು ಸಾವ್ಕಾರ್ರು. ಮೊದಲಾಗಿದ್ದರೆ ಇದೇ ಸಾವ್ಕಾರ್ರು ಅವನ ಹೊಸ ಮನೆಗೆ ಹೋಗಿ ಪಾಯಸ ಉಂಡು ಬರುತ್ತಿದ್ದರು. ಬಿಳಿ ಬೋರ್ಡಿನ ಮೇಲೆ ಮಾತ್ರ ಎಲ್ಲ ಅಚ್ಚುಕಟ್ಟಾಗಿತ್ತು. ವಲಯ ಕಚೇರಿಯವರು ಬಂದು ಅದರ ಫೋಟೋ ತೆಗೆದುಕೊಂಡು ಹೋದರು.

ಆ ವರ್ಷ ಹಾಗೆ ಕಳೆಯಿತು. ಮಗಳ ಕಾಲೇಜು, ಪರೀಕ್ಷೆ, ಫಲಿತಾಂಶ, ಎಲ್ಲ ನನ್ನ ಬೆನ್ನ ಹಿಂದೆಯೇ ನಡೆದುಹೋದವು. ಫಲಿತಾಂಶದ ದಿನ ಅವಳು ಮೆಟ್ಟಿಲ ಮೇಲೆ ಕೂತು ಫೋನು ನೋಡಿ ಕಿರುಚಿದಳಂತೆ, ಅಕ್ಕಪಕ್ಕದವರೆಲ್ಲ ಹೊರಗೆ ಬಂದರಂತೆ. ನಾನು ಆಗ ಒಬ್ಬ ಗಿರಾಕಿಯ ಹತ್ತಿರ ಹೈಡ್ರಾಲಿಕ್ ಯಾಕೆ ಏಳುತ್ತಿಲ್ಲ ಅಂತ ಮಾತಾಡುತ್ತಿದ್ದೆ. ಅವಳನ್ನು ಶಿವಮೊಗ್ಗದ ಹಾಸ್ಟೆಲಿಗೆ ಬಿಟ್ಟು ಬರಲು ಗಂಡ, ನಾನು ಇಬ್ಬರೂ ಹೋಗಿದ್ದೆವು. ಅವಳ ರೂಮಿನಲ್ಲಿದ್ದ ಬೇರೆ ಹುಡುಗಿಯರ ಹತ್ತಿರ ಅವಳು ಆಗಲೇ ಗಲಗಲ ಮಾತಾಡುತ್ತಿದ್ದಳು. ನಾನು ಹಾಸಿಗೆಗೆ ಬೆಡ್‌ಶೀಟ್ ಹಾಕುವ ನೆಪದಲ್ಲಿ ಅಲ್ಲೇ ನಿಂತು ಕೇಳಿಸಿಕೊಂಡೆ.

ಅದಾದ ಮೇಲಿನ ವಾರ ಸಾವ್ಕಾರ್ರು ಒಳಗೆ ಕರೆದರು.

'ಸೊರಬಕ್ಕೆ ಹೋಗ್ತೀರೇನ್ರಮ್ಮ? ಅವನಿಗೆ ದಿನಾ ಓಡಾಟ ಆಗ್ತಾ ಇಲ್ಲಂತೆ, ಬೆನ್ನುನೋವು. ಇಲ್ಲೇ ವಾಪಸ್ ಬರ್ತೀನಿ ಅಂತಾನೆ. ಅಕ್ಕಂಗೆ ಕೊಡ್ರಿ, ಅವ್ರ ಊರು ಅಂತ ಅವನೇ ಹೇಳ್ದ.'

ಸಾವ್ಕಾರ್ರಿಗೆ ನನ್ನ ಮುಖ ನೋಡಿ ಏನೆನ್ನಿಸಿತೋ, 'ಯಾಕ್ರಮ್ಮ, ನಿಮಗೆ ಮೊದಲಿಂದ ಆಸೆ ಇತ್ತಂತಲ್ಲ' ಅಂದರು.

'ಯಾರು ಹೇಳಿದ್ದು?'

'ಅವನೇ. ಈಗಲ್ಲ, ಆ ಟ್ರೇನಿಂಗ್ ನಡೀತಲ್ಲ, ಆವಾಗ್ಲೇ. ನಂಗೆ ಸೊರಬ ಕೊಡ್ರಿ ಅಂತ ಕೇಳ್ದ. ಕೇಳಿ, ಅಕ್ಕಂಗೂ ಅದರ ಮೇಲೆ ಮನಸೈತಿ ಅಂತಲೂ ಅಂದ. ಹಂಗಾದ್ರೆ ಅವರಿಗೇ ಕೊಡಾಣೇನಪ್ಪ ಅಂದೆ ನಾನು. ಅದಕ್ಕೆ ಅವನು, "ಖರೇ ಬೇಕಾಗಿದ್ರೆ ಅವ್ರೇ ಬಾಯಿಬಿಟ್ಟು ಕೇಳ್ತಾರ್ರಿ, ಕೇಳ್ಲಿಲ್ಲ ಅಂದ್ರೆ ಬ್ಯಾಡ ಅಂತ ತಿಳ್ಕಳ್ರಿ" ಅಂದ. ಸರಿ ಅನ್ನಿಸ್ತು, ಆ ಟ್ರೇನರೂ ಹೌದೌದು ಅಂದ್ರು. ನಿಮ್ಮ ಹತ್ರ ಕೇಳಿದ್ವಲ್ಲ. ನಂದೇನಿಲ್ಲ ಅಂದು ಎದ್ದು ಹೋದ್ರಿ.'

ಸಾವ್ಕಾರ್ರು ಇದನ್ನು ಯಾವ ಕೆಟ್ಟ ಮನಸ್ಸೂ ಇಲ್ಲದೆ, ಚಾ ಲೋಟ ಕೈಯಲ್ಲಿ ಹಿಡಿದುಕೊಂಡು ಹೇಳಿದರು. ಒಂದು ವರ್ಷ ನಾನು ಅವನಿಗೆ ಧೈರ್ಯ ಸಾಲಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅವನಿಗೆ ಧೈರ್ಯಕ್ಕೇನೂ ಕೊರತೆ ಇರಲಿಲ್ಲ. ಸಾವ್ಕಾರ್ರು ನನಗೆ ಕೊಡಲು ತಯಾರಿದ್ದರು. ನಾನು ಬಾಯಿ ಬಿಡುವವಳಲ್ಲ ಅಂತ ಈ ಪ್ರಪಂಚದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನು, ಅದೇ ಒಂದನ್ನು ನನ್ನ ಮುಂದೆ ಅಡ್ಡ ಇಟ್ಟು ಹೊರಗೆ ಬಂದಿದ್ದ. ಬಂದು, ನನ್ನ ಮೇಜಿಗೆ ಬಗ್ಗಿ, ಎಲ್ಲಾ ಹೇಳೀನಿ ಅಂದಿದ್ದ. ಅದು ಸುಳ್ಳೂ ಅಲ್ಲ.

ಸೊರಬಕ್ಕೆ ಹೋಗುತ್ತೇನೆ ಅಂದೆ. ಸಿಟ್ಟಿಗೆ ಬೇಡ ಅಂದುಬಿಡೋಣ ಅನ್ನಿಸಿತ್ತು. ಆದರೆ ನನ್ನ ಮೊಣಕಾಲುಗಳು ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಸೋತಿದ್ದವು. ಅವನ ಮೇಲಿನ ಸಿಟ್ಟನ್ನು ನನ್ನ ಕಾಲುಗಳ ಮೇಲೆ ಯಾಕೆ ತೀರಿಸಿಕೊಳ್ಳಲಿ.

ಬ್ರಾಂಚ್ ವಹಿಸಿಕೊಡಲು ಅವನೇ ಬಂದ. ಬಿರುಬಿಸಿಲು, ಶಿಕಾರಿಪುರದಿಂದ ಬೈಕಿನಲ್ಲೇ ಬಂದಿದ್ದ, ಅಂಗಿ ಬೆನ್ನಿಗೆ ಅಂಟಿತ್ತು. ಇಂಥ ಗಿರಾಕಿ ಬಾಕಿ ಇದ್ದಾರೆ, ಇಂಥ ಮೆಕ್ಯಾನಿಕ್ ಒಳ್ಳೆಯವನು ಅಂತ ಎಲ್ಲ ಸಾವಧಾನವಾಗಿ ತೋರಿಸಿದ. ಕೊನೆಗೆ ಬೀಗದ ಕೈಗಳನ್ನು ನನ್ನ ಎದುರಿನ ಮೇಜಿನ ಮೇಲಿಟ್ಟು, ಮುಖ ಒರೆಸಿಕೊಂಡು, ಹಿಂದಿನ ದಿನಗಳಲ್ಲಿ ನಗುತ್ತಿದ್ದ ಹಾಗೆಯೇ ನಕ್ಕ.

'ನೋಡ್ರಿ ಅಕ್ಕ, ತಡ ಆದ್ರೂ ನಿಮ್ದು ನಾನೇ ಹೇಳ್ದೆ' ಅಂದ.

ಅವನು ನಿಜವಾಗಿಯೂ ನನ್ನಿಂದ ಒಂದು ಒಳ್ಳೆಯ ಮಾತಿಗೆ ಕಾಯುತ್ತಿದ್ದ. ನಾನು ಬೀಗದ ಕೈಗಳನ್ನು ಡ್ರಾಯರಿಗೆ ಹಾಕಿದೆ. ಮೂಲೆಯಲ್ಲಿ ತುಂಬಿದ ನೀರಿನ ಕ್ಯಾನು ಇತ್ತು, ಪಕ್ಕದಲ್ಲಿ ಲೋಟವೂ ಇತ್ತು. ಅವನು ಒಮ್ಮೆ ಅದರ ಕಡೆ ನೋಡಿದ. ಬಿಸಿಲಲ್ಲಿ ಬಂದವರಿಗೆ ನೀರು ಬೇಕಾ ಅಂತ ಕೇಳದೆ ಕಳಿಸಿದ್ದು ನನ್ನ ಜೀವಮಾನದಲ್ಲಿ ಅವನೊಬ್ಬನನ್ನೇ.